ಗಂಗಮ್ಮನವರ ಎಡ ಅಂಗೈ

ಗಂಗಮ್ಮನವರೇ, ಅವತ್ತು ನಾನು ನಿಮಗೆ ಹೇಳಿದ್ದು ಸುಳ್ಳು. ಆ ಯಂತ್ರಕ್ಕೆ ನಿಮ್ಮ ಅಂಗೈಯನ್ನು ಬಿಚ್ಚಿ ನಿಲ್ಲಿಸಲು ಆಗುತ್ತಿತ್ತು.

ಲಕ್ವ ಹೊಡೆದು ನಿಮ್ಮ ಎಡಗೈ ಮುಷ್ಟಿಯಾಗಿ ಮುದುಡಿತ್ತು. ಮೋಟಾರಿನಿಂದ ಬೆರಳಾಡಿಸುವ ಕೈಗವಸು ತುಮಕೂರಿನ ನಮ್ಮ ಪುಟ್ಟ ಕಂಪನಿಯದು; ಅದನ್ನು ತೊಡುವವರಿಗೆ ಸುಲಭ ಮಾಡಿಕೊಡಬೇಕಾದ ಎಂಜಿನಿಯರ್ ನಾನು. ಗುಬ್ಬಿಯ ನಿಮ್ಮ ಮನೆಗೆ ಬಂದು, ಗವಸು ತೊಡಿಸಿ, ಸ್ಟೀಲ್ ಲೋಟ ಹಿಡಿಸಿದೆ. ಹಿಡಿದಿರಿ. ನಾನು ಚಪ್ಪಾಳೆ ತಟ್ಟಿದೆ — ನೀವು ನಗಲಿಲ್ಲ.

“ಲೋಟಕ್ಕೆ ಬಲಗೈ ಐತಲ್ಲಪ್ಪ. ಈ ಅಂಗೈ ಬಿಚ್ಕೊಂಡು ಒಸಿ ಹೊತ್ತು ಅಳ್ಳಾಡ್ದಂಗೆ ನಿಂತ್ರೆ ಸಾಕು. ಲಿಂಗ ಇಟ್ಕೋಬೇಕು ಕಣಪ್ಪ.”

ಎಡ ಅಂಗೈ ಮೇಲೆ ಇಷ್ಟಲಿಂಗವಿಟ್ಟು ಬಲಗೈಯಿಂದ ಪೂಜೆ — ಚಿಕ್ಕಂದಿನಿಂದ ನೀವು ಒಂದು ದಿನವೂ ತಪ್ಪಿಸಿದ್ದಿಲ್ಲ. ಈಗ ಬೆರಳು ಬಿಡಿಸಿ ಹಿಡಿಯಲು ಪಕ್ಕದ ಮನೆಯ ಸೊಸೆಯನ್ನು ಕರೆಯಬೇಕು. ಅವಳಿಗೋ ಮಕ್ಕಳನ್ನು ಸ್ಕೂಲಿಗೆ ಕಳಿಸುವ ಗಡಿಬಿಡಿ. ದಿನಾ ಕರೆಯಲು ನಾಚಿಕೆಯಾಗುತ್ತದೆ ಎಂದಿರಿ.

ಪ್ರೋಗ್ರಾಮಿನಲ್ಲಿ ಅದೇನು ಮಹಾ ಕೆಲಸವಲ್ಲ. ಆದರೆ ನಮ್ಮ ಪರೀಕ್ಷೆಗಳೆಲ್ಲ ಹಿಡಿಯುವುದರ ಮೇಲೆಯೇ — ಲೋಟ, ಚೆಂಡು, ಬೀಗದ ಕೈ. ಪೂಜೆಗೆ ಬೇಕಂತೆ ಎಂದರೆ ಆಫೀಸಿನಲ್ಲಿ ನಗುತ್ತಾರೇನೋ ಎಂದು — ಅಷ್ಟೇ, ಬರೀ ಅಷ್ಟಕ್ಕೇ — “ಆಗಲ್ಲಮ್ಮ, ಮಿಷನ್‌ಗೆ ಅದು ಬರಲ್ಲ” ಎಂದುಬಿಟ್ಟೆ. ನೀವು ನಂಬಿದಿರಿ. ಗವಸು ಅಟ್ಟ ಸೇರಿತು.

ಬಾಡಿಗೆ ರೂಮಿನಲ್ಲಿ ಒಬ್ಬನೇ ಉಣ್ಣುವಾಗಲೆಲ್ಲ ನಿಮ್ಮ ಮನೆ ನೆನಪಾಗುತ್ತಿತ್ತು — ಮಾತಿಗೂ ಯಾರೂ ಇಲ್ಲದ ಆ ನಡುಮನೆ. ಆದರೂ ಈ ಸಲ, ಮುಂದಿನ ಸಲ ಎಂದು ವರ್ಷಗಳನ್ನೇ ತಳ್ಳಿದೆ. ಕೊನೆಗೂ ಕೂತು ಅಂಗೈ ಬಿಚ್ಚಿ ನಿಲ್ಲಿಸುವ ಪ್ರೋಗ್ರಾಂ ಬರೆದು ಮುಗಿಸಿ ಕಳೆದ ಭಾನುವಾರ ಬಂದೆ. ಗವಸು ತೊಡಿಸಿದರೆ — ಬೆರಳುಗಳು ಆಗಲೇ ಮುಷ್ಟಿಯಲ್ಲೇ ಸೆಟೆದುಕೊಂಡುಬಿಟ್ಟಿದ್ದವು. ನೋವಿಗೆ ನೀವು ತುಟಿ ಕಚ್ಚಿದಿರಿ, ಮೋಟಾರು ನಿಲ್ಲಿಸಿದೆ. ಇನ್ನು ಯಾವ ಗವಸಿಗೂ ಅವು ಬಿಚ್ಚುವುದಿಲ್ಲ. ಸೊಸೆಯನ್ನು ಕರೆಯುವುದನ್ನೂ ಬಿಟ್ಟಿದ್ದೀರಿ, ಲಿಂಗವನ್ನು ಸುಮ್ಮನೆ ಕಣ್ಣಿಗೊತ್ತಿಕೊಳ್ಳುತ್ತೀರಂತೆ.

“ನೀನೇನ್ ಮಾಡೀಯ, ಬುಡಪ್ಪ. ಆಗಲ್ಲ ಅಂತ ಅವತ್ತೇ ನಿಜ ಹೇಳ್ದೆ. ಸುಳ್ಳು ಆಸೆ ಹುಟ್ಟಿಸ್ಲಿಲ್ಲ.”

ಆಗಲಾದರೂ ಹೇಳಬೇಕಿತ್ತು. ನೀವು ಬಲಗೈಯಲ್ಲಿ ವಿಭೂತಿ ಹಿಡಿದು ನನ್ನ ಹಣೆಯತ್ತ ಬಂದಿರಿ — ನಾನು ತಲೆ ಬಗ್ಗಿಸಿ ಹಚ್ಚಿಸಿಕೊಂಡೆ.