ಅವ್ವನ ಗುಳಿಗೆ, ತಮ್ಮನ ಶುಗರ್

ನಮ್ಮ ಮನೆಯಲ್ಲಿ ಗುಳಿಗೆಗಳೂ ಕೂಡುಕುಟುಂಬದವು. ಅವ್ವನ ಬಿಪಿ ಗುಳಿಗೆ ಚಿಕ್ಕಮ್ಮನಿಗೆ, ಚಿಕ್ಕಮ್ಮನ ಮೊಣಕಾಲಿನದು ನನಗೆ. (ನಗಬೇಡಿ, ನಿಮ್ಮ ಮನೆಯ ಡಬ್ಬಿಯನ್ನೂ ತೆಗೆದು ನೋಡಿ.)

ಕಳೆದ ವರ್ಷ ಕಾರ್ಖಾನೆಯ ತಪಾಸಣೆಯಲ್ಲಿ ನನ್ನ ತಮ್ಮ ಶಿವುಗೆ ಶುಗರ್ ಇರುವುದು ತಿಳಿಯಿತು. ಮೂವತ್ತೆಂಟು ವರ್ಷ, ಕಡ್ಡಿಯಂಥ ಆಳು. ಸೋಲಾಪುರದ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಟವೆಲ್ ನೇಯಿಸುವ ಸೂಪರ್‌ವೈಸರ್. ಅಕ್ಕಲಕೋಟದಲ್ಲಿ ನನ್ನ ಜೊತೆಗಿರುವ ಅವ್ವನಿಗೂ ಶುಗರ್ ಇದೆ. ಅವಳು ತಕ್ಷಣ ತೀರ್ಪು ಕೊಟ್ಟಳು: "ನನ್ನ ಮಗ, ನನ್ನ ರಗತ, ನನ್ನ ಸಕ್ರಿ. ನನ್ನ ಗುಳಿಗಿನ ನಡೀತೈತಿ. ದವಾಖಾನಿ ಯಾಕ ಬೇಕು?"

ಪ್ರತಿ ಭಾನುವಾರ ಶೇಂಗಾ ಚಟ್ನಿಯ ಜೊತೆ ಆ ಗುಳಿಗೆಗಳನ್ನು ಸೋಲಾಪುರಕ್ಕೆ ಒಯ್ದವಳು ನಾನೇ. ಇದನ್ನು ಮುಚ್ಚಿಡಲಾರೆ.

ಮೊದಮೊದಲು ಶುಗರ್ ಇಳಿಯಿತು. ಆಮೇಲೆ ಶಿವುನೇ ಇಳಿಯತೊಡಗಿದ. ಬೆಲ್ಟಿಗೆ ಮೂರು ಹೊಸ ತೂತು. "ಹೀರೋ ಆಗ್ಯಾನ್ರಿ ನಿಮ್ಮ ತಮ್ಮ!" ಎಂದರು ಮಗ್ಗದವರು. ಒಂದು ಭಾನುವಾರ ನಾನು ಹೋದಾಗ ಹೀರೋ ತಂಬಿಗೆಗಟ್ಟಲೆ ನೀರು ಕುಡಿದು ವಾಂತಿ ಮಾಡುತ್ತಿದ್ದ. ಉಸಿರು ಏರಿಳಿಯುತ್ತಿತ್ತು. ಚಟ್ನಿ ಡಬ್ಬಿ ಕೈಯಲ್ಲಿದ್ದಂತೆಯೇ ಅವನನ್ನು ಆಟೋ ಹತ್ತಿಸಿದೆ.

ನಾಲ್ಕು ದಿನ ಐಸಿಯು. ಬದುಕಿದ.

ರಕ್ತದ ರಿಪೋರ್ಟ್ ಹಿಡಿದು ಡಾಕ್ಟರ್ ಅವ್ವನನ್ನು ಕೂಡಿಸಿಕೊಂಡರು. "ಆಯಿ, ಇದು ನಿಮ್ಮ ಶುಗರ್ ಅಲ್ರಿ. ಇವರ ಮೈಯಾಗಿನ ಕಾವಲುಗಾರರು ಇನ್ಸುಲಿನ್ ಮಾಡೋ ಜೀವಕೋಶಗಳನ್ನ ಕಳ್ಳರಂತ ತಿಳಿದು ಬಡ್ಯಾಕತ್ಯಾರ. ಆ್ಯಂಟಿಬಾಡಿ ಭಾಳ ಏರ್ಯಾವ. ಹಿಂಗಿದ್ದವರಿಗೆ ಗುಳಿಗಿ ಭಾಳ ದಿನ ಸಾಕಾಗಂಗಿಲ್ಲ. ಇನ್ಸುಲಿನ್ ಬೇಕು."

ಅವ್ವನ ಕಣ್ಣು ತುಂಬಿತು. "ಹಂಗಾರ ನನ್ನಿಂದ ಬಂದದ್ದಲ್ಲ?"

"ಜೀನ್ಸ್ ಅವ್ವ-ಅಪ್ಪ ಇಬ್ಬರ ಕಡಿಂದನೂ ಬರ್ತಾವ್ರಿ. ಬಂದವರಿಗೆಲ್ಲ ರೋಗ ಬರಂಗಿಲ್ಲ. ಯಾರದೂ ತಪ್ಪಿಲ್ಲ."

ಅವ್ವ ಕೇಳಿಸಿಕೊಂಡದ್ದು ಒಂದೇ ಮಾತು. ಕಣ್ಣೊರೆಸಿಕೊಂಡು ನನ್ನತ್ತ ತಿರುಗಿದಳು. "ಅಪ್ಪನ ಕಡಿಂದ! ಕೇಳಿದಿಲ್ಲೋ? ಆ ಮನಿತನಾನ ಹಂಗ, ತಮ್ಮವರನ್ನ ತಾವ ಬಡೀತಾರ."

ಹಾಸಿಗೆಯಲ್ಲಿದ್ದ ಶಿವು ನಕ್ಕ. ಆ ವಾರದಲ್ಲಿ ಅದೇ ಅವನ ಮೊದಲ ನಗು.

ಈಗ ಅವನು ಇನ್ಸುಲಿನ್ ಚುಚ್ಚಿಕೊಂಡು ಜೋಳದ ಭಕ್ರಿ ತಿನ್ನುತ್ತಾನೆ. ಬೆಲ್ಟಿನ ಹಳೆಯ ತೂತಿಗೆ ಮರಳಿದ್ದಾನೆ. ಎಲ್ಲ ಸುಖಾಂತ ಎಂದುಕೊಂಡಿರಾ? ಮೊನ್ನೆ ನಾನು ಸೋಲಾಪುರದ ಬಸ್ ಹತ್ತುವಾಗ ಅವ್ವ ಕಿವಿಯಲ್ಲಿ ಹೇಳಿದಳು: "ಶಿವುಗ ಆ ಇಂಜೆಕ್ಷನ್ ಪೆನ್ನು ಛಲೋ ಹತ್ತೇತಿ. ಬರುಮುಂದ ನನಗೂ ಒಂದು ತಗೊಂಡು ಬಾ."

ನಾನಂತೂ ಈಗ ಹೋಗುವಾಗಲೂ ಬರುವಾಗಲೂ ಚೀಲ ಬಿಚ್ಚಿ, ಯಾರ ಔಷಧಿಯೂ ಅದರಲ್ಲಿಲ್ಲ ಎಂದು ನೋಡಿಯೇ ಬಸ್ ಹತ್ತುತ್ತೇನೆ. ನಿಮ್ಮ ಮನೆಯಲ್ಲಿ ಯಾರ ಗುಳಿಗೆ ಯಾರ ಹೊಟ್ಟೆಗೆ ಹೋಗುತ್ತಿದೆ?