ಯಾರೂ ಏಳದ ಪಂಕ್ತಿ

ಗಜ ಹೋಗಿ ಮೀಟರು ಬಂದ ಕಾಲದಲ್ಲಿ ಇಂಡಿ ಎಂಬ ಊರಿನ ಬಜಾರದಲ್ಲಿ ನನ್ನದೊಂದು ಅರಿವೆ ಅಂಗಡಿ ಇತ್ತು. ಬೆಳಿಗ್ಗೆ ಗಾದಿಯ ಮೇಲೆ ಚಕ್ಕಳಬಕ್ಕಳ ಹಾಕಿ ಕೂತರೆ ದೀಪ ಹಚ್ಚುವ ಹೊತ್ತಿನ ತನಕ ಅದೇ ನನ್ನ ಜಾಗ. ಗಿರಾಕಿ ಕೇಳಿದ ಬಟ್ಟೆಯ ಥಾನು ಇಳಿಸಲು ಮಾತ್ರ ಎದ್ದು ಕೂತು ಮಾಡುತ್ತಿದ್ದೆ. ಒಂದು ದಿನ ಇಳಕಲ್ ಸೀರೆ ತೆಗೆಯಲೆಂದು ಎದ್ದೆ. ಎಡ ಮೊಣಕಾಲು ಅರ್ಧಕ್ಕೇ ನಿಂತುಬಿಟ್ಟಿತು. ಪೂರ್ತಿ ಏಳಲೂ ಬಿಡದು, ಕೂಡಲೂ ಬಿಡದು. ಸೀರೆ ಕೇಳಿದ ಹೆಣ್ಣುಮಗಳು ನಾನು ತನಗೆ ಬಾಗಿ ನಮಸ್ಕಾರ ಮಾಡುತ್ತಿದ್ದೇನೆಂದು ತಿಳಿದು ಗಾಬರಿಯಾಗಿ ತಾನೂ ಬಾಗಿ ಕೈಮುಗಿದಳು. ಇಬ್ಬರೂ ಹಾಗೇ ಸ್ವಲ್ಪ ಹೊತ್ತು ಇದ್ದೆವು.

ನನಗಾಗ ಐವತ್ತರ ಹತ್ತಿರ ವಯಸ್ಸು. ಮುಪ್ಪು ಬಂದರೆ ಕೂದಲಿಗೆ ಮೊದಲು ಬರುತ್ತದೆ, ಆಮೇಲೆ ಹಲ್ಲಿಗೆ, ಹೀಗೆ ಮೇಲಿನಿಂದ ಕೆಳಗೆ ಕ್ರಮವಾಗಿ ಇಳಿಯುತ್ತದೆ ಎಂದು ನಂಬಿದ್ದೆ. ನನ್ನ ಕೂದಲು ಕರ್ರಗಿತ್ತು, ಕಬ್ಬು ಹಲ್ಲಿನಿಂದಲೇ ಸಿಗಿಯುತ್ತಿದ್ದೆ. ಇದು ಮಾತ್ರ ಹಿತ್ತಿಲ ಬಾಗಿಲಿನಿಂದ ಒಳಗೆ ಬಂದಿತ್ತು. ನನಗೆ ಕೆಟ್ಟ ಸಿಟ್ಟು ಬಂತು. ಹೆಂಡತಿಗೂ ಹೇಳಲಿಲ್ಲ.

ಸಿಟ್ಟಿನಲ್ಲಿ ಏಳುವುದನ್ನೇ ಬಿಟ್ಟೆ. ಮೀಟರು ಬಂದ ಮೇಲೆ ಕಬ್ಬಿಣದ ಗಜ ಕೆಲಸವಿಲ್ಲದೆ ಮೂಲೆಗೆ ಬಿದ್ದಿತ್ತು. ಅದರ ತುದಿ ಬಗ್ಗಿಸಿ ಕೊಕ್ಕೆ ಮಾಡಿಸಿ ಕೂತಲ್ಲಿಂದಲೇ ಥಾನು ಎಳೆಯತೊಡಗಿದೆ. ಧೋತರ ಕೇಳಿದವನ ತಲೆಯ ಮೇಲೆ ಒಮ್ಮೊಮ್ಮೆ ಕುಪ್ಪಸದ ಖಣದ ಗಂಟು ಬೀಳುತ್ತಿತ್ತು. ಯಾರೂ ತಕರಾರು ಮಾಡಲಿಲ್ಲ. ಊರು ಬೇರೆಯೇ ಮಾತಾಡತೊಡಗಿತು.

“ಸಾವಕಾರ್ರು ಈಗ ಯಾರ ಬಂದ್ರೂ ಏಳೂದಿಲ್ಲಪಾ. ಭಾಳ ದೊಡ್ಡ ಮನಶಾರಾಗ್ಯಾರ,” ಎಂದು ಎದುರಿನ ಕಿರಾಣಿ ಅಂಗಡಿಯವನು ಗಿರಾಕಿಗಳಿಗೆ ಹೇಳುವುದು ನನಗೇ ಕೇಳಿಸಿತು.

ಮೊದಲು ಕಚೇರಿಯ ಸಿಪಾಯಿ ಬಂದರೂ ಎದ್ದು ನಿಲ್ಲುತ್ತಿದ್ದವನು ನಾನು. ಆಗ ನನ್ನನ್ನು ಕೇಳುವವರಿರಲಿಲ್ಲ. ಈಗ ಪೊಲೀಸ್ ಫೌಜದಾರ ಬಂದರೂ ಕೂತಲ್ಲಿಂದಲೇ “ಬರ್ರಿ” ಎನ್ನುತ್ತಿದ್ದೆ, ಅವನೇ ಕೈಮುಗಿಯುತ್ತಿದ್ದ. ನಾನು ಮೆಲ್ಲಗೆ ನಡೆಯುವುದು ಗಾಂಭೀರ್ಯವೆನಿಸಿಕೊಂಡಿತು. ಬಲಗಿವಿಯೂ ಮಂದವಾಗತೊಡಗಿತ್ತು. ಪಾಲಿನ ಜಗಳ ಬಗೆಹರಿಸಲು ಕರೆದಲ್ಲಿ ಅರ್ಧ ಮಾತು ಕೇಳಿಸದೆ ಸುಮ್ಮನೆ ಕೂತಿರುತ್ತಿದ್ದೆ. ಅಣ್ಣತಮ್ಮಂದಿರು ಆ ಮೌನಕ್ಕೆ ಅಂಜಿ ತಾವೇ ರಾಜಿಯಾಗುತ್ತಿದ್ದರು. ನನ್ನ ನ್ಯಾಯದ ಹೆಸರು ಸಿಂದಗಿಯ ತನಕ ಹೋಯಿತು. ಇನ್ನೊಂದು ಕಿವಿಯೂ ಹೋಗಿದ್ದರೆ ಇಲೆಕ್ಷನ್ನಿಗೇ ನಿಲ್ಲಿಸುತ್ತಿದ್ದರೇನೋ.

ಈ ಹೆಸರು ಕೇಳಿಯೇ ಗೊಳಸಂಗಿಯ ಒಂದು ಒಳ್ಳೆಯ ಒಕ್ಕಲು ಮನೆತನದವರು ನನ್ನ ಒಬ್ಬಳೇ ಮಗಳನ್ನು ಕೇಳಿದರು. ಹುಡುಗ ಬಾಗೇವಾಡಿಯಲ್ಲಿ ಸಾಲಿ ಮಾಸ್ತರ. ಹಿಂದೆ ಎರಡು ಕಡೆಯವರು ನೋಡಲು ಬಂದಾಗ ಮುಖ ಗಂಟು ಹಾಕಿಕೊಂಡು ಕೂತಿದ್ದ ಮಗಳು ಈ ಹುಡುಗ ಬಂದುಹೋದ ಮೇಲೆ ಎರಡು ದಿನ ಒಬ್ಬಳೇ ನಗುತ್ತಿದ್ದಳು. ನಿಶ್ಚಯದ ದಿನ ಯಾವ ಸೀರೆ ಉಡಲಿ ಎಂದು ಅವ್ವನನ್ನು ತಾನಾಗಿಯೇ ಕೇಳಿದಳು. ಈ ಮಾತು ಮುರಿಯಬಾರದೆಂದು ನಾನು ಆಗಲೇ ಗಟ್ಟಿ ಮಾಡಿಕೊಂಡೆ.

ತೊಡಕು ಒಂದೇ, ಹುಡುಗನ ಅಜ್ಜಿ. ಮುದ್ದೇಬಿಹಾಳದ ಒಂದು ಸಂಬಂಧ ಇನ್ನೇನು ಆಗಬೇಕು ಎನ್ನುವಾಗ ಆಕೆ ಮುರಿದಿದ್ದಳಂತೆ. ಹುಡುಗಿಯ ತಂದೆ ಕುಂಟುತ್ತಿದ್ದನೆಂಬುದೇ ಕಾರಣ. “ಅಪ್ಪನ ಕಾಲ ಹಿಂಗಿದ್ರ ನಾಳಿ ಮಮ್ಮಕ್ಕಳ ಕಾಲ ಹೆಂಗಿದ್ದಾವು?” ಎಂದು ಕೇಳಿದಳಂತೆ. ಸಂಬಂಧ ತಂದಿದ್ದ ನಮ್ಮ ಮಾವ ಇದನ್ನು ನಗುತ್ತ ಹೇಳಿದ. ನನಗೆ ನಗು ಬರಲಿಲ್ಲ.

ನಿಶ್ಚಯ ನಮ್ಮ ಮನೆಯಲ್ಲೇ ಇತ್ತು. ಮೊದಲು ಊಟ, ಆಮೇಲೆ ಎಲೆ ಅಡಿಕೆ. ಎಲೆ ಅಡಿಕೆ ಹಿಡಿದರೆ ಮಾತು ಪಕ್ಕಾ. ನಾನು ನಿಂತು ಬಡಿಸುತ್ತ ಕಾಲ ಕಳೆಯಬೇಕೆಂದಿದ್ದೆ. ಹುಡುಗನ ತಂದೆ ಬಿಡಲಿಲ್ಲ.

“ನೀವ್ ಕೂಡದಿದ್ರ ನಾವೂ ಕೂಡೂದಿಲ್ರಿ ಬೀಗರ.”

ಕೂತೆ. ರೊಟ್ಟಿ, ಎಣ್ಣೆಗಾಯಿ, ಹೋಳಿಗೆ, ಅನ್ನ, ಮಜ್ಜಿಗೆ ಎಲ್ಲವೂ ಆಯಿತು. ಮೊಣಕಾಲಿನಿಂದ ಕೆಳಗೆ ನನಗೆ ಕಾಲಿದೆಯೋ ಇಲ್ಲವೋ ಗೊತ್ತಾಗದಂತಾಗಿತ್ತು.

“ಏಳ್ರಿ ಬೀಗರ,” ಎಂದರು ಹುಡುಗನ ತಂದೆ.

“ಛೇ, ಮನಿಗಿ ಬಂದಾವ್ರು ನೀವು. ಮದ್ಲ ನೀವ್ ಏಳ್ರಿ.”

“ನಿಮ್ಮಂಥಾ ಹಿರ್ಯಾರು ಕುಂತಿರೂಮುಂದ ನಾವ್ ಎದ್ರ ಊರಾಗ ಮಾರಿ ತೋರಸಾಕ ಆಕ್ಕೈತೇನ್ರಿ?”

ಅವರು ಏಳಲಿಲ್ಲ. ಅವರು ಏಳದ ಮೇಲೆ ಅವರ ಕಡೆಯವರು ಯಾರೂ ಏಳಲಿಲ್ಲ. ನಾನು ಏಳದ ಮೇಲೆ ನಮ್ಮ ಕಡೆಯವರೂ ಏಳಲಿಲ್ಲ. ಒಳಗಿನಿಂದ ಇಣುಕಿದ ನನ್ನ ಹೆಂಡತಿ, ಇವರ ಹೊಟ್ಟೆ ಇನ್ನೂ ತುಂಬಿಲ್ಲವೆಂದು ತಿಳಿದು ಮತ್ತೆ ಹೋಳಿಗೆ ಕಳಿಸಿದಳು. ಬಡಿಸಿದ್ದನ್ನು ಬಿಟ್ಟರೆ ಮನೆಯವರಿಗೆ ಅವಮಾನವೆಂದು ಬೀಗರು ತಿಂದರು. ಅವರು ತಿನ್ನುವಾಗ ನಾನು ಸುಮ್ಮನಿರಬಾರದೆಂದು ನಾನೂ ತಿಂದೆ. ಮತ್ತೆ ಅನ್ನ ಬಂತು, ಮತ್ತೆ ಮಜ್ಜಿಗೆ ಬಂತು. “ಏಳ್ರಿ”, “ನೀವ್ ಏಳ್ರಿ” ಎಂಬ ಮಾತೂ ಮತ್ತೆ ಬಂತು. ಎರಡನೆಯ ಪಂಕ್ತಿಯವರು ಅಂಗಳದಲ್ಲಿ ಹಸಿದು ಕೂತಿದ್ದರು. ಅವರ ಪಾಲಿನ ಹೋಳಿಗೆಯನ್ನು ನಾವು ಬೇಡ ಬೇಡವೆನ್ನುತ್ತಲೇ ತಿನ್ನುತ್ತಿದ್ದೆವು. ಹುಡುಗನ ಕಾಕಾ ಅಂಗಿಯೊಳಗೆ ಕೈಹಾಕಿ ಧೋತರದ ಗಂಟು ಸಡಿಲಿಸಿಕೊಂಡ. ಹುಡುಗ ಪಾಪ, ಅಳುವ ಮುಖ ಮಾಡಿದ್ದ.

ಅಡಿಗೆಮನೆಯ ಬಾಗಿಲಲ್ಲಿ ಕೂತಿದ್ದ ಅಜ್ಜಿ ನನ್ನ ಮೇಲೆ ಇಟ್ಟ ಕಣ್ಣು ತೆಗೆದಿರಲಿಲ್ಲ. “ಇಂಡ್ಯಾವ್ರು ಭಾಳ ಉಣತಾರವಾ,” ಎಂದಳು.

ಏಳಲು ಹೋಗಿ ಬಿದ್ದರೆ ಮಗಳ ಸಂಬಂಧ ಹೋಗುತ್ತದೆ. ಏಳದಿದ್ದರೆ ಬೀಗರ ಜೀವ ಹೋಗುತ್ತದೆ. ಹೇಗೆ ನೋಡಿದರೂ ಮದುವೆ ನಡೆಯುವಂತಿರಲಿಲ್ಲ. ಈ ದರಿದ್ರ ಕಾಲನ್ನು ಯಾರಾದರೂ ಕತ್ತರಿಸಿ ಒಯ್ದರೂ ಸರಿ ಎಂದುಕೊಂಡೆ.

ಆಗ ಮಗಳು ಒಳಗಿನಿಂದ ಬಂದಳು. ಕೈಯಲ್ಲಿದ್ದ ನೀರಿನ ತಂಬಿಗೆ ಕೆಳಗಿಟ್ಟು ತಲೆಯ ಮೇಲೆ ಸೆರಗು ಹೊದ್ದು ನೆಟ್ಟಗೆ ನನ್ನ ಹತ್ತಿರ ಬಂದು ಬಾಗಿದಳು. “ಅಪ್ಪಾ, ಆಶೀರ್ವಾದ ಮಾಡು,” ಎಂದಳು. ಉಂಡ ಎಲೆಯ ಮುಂದೆ ಆಶೀರ್ವಾದ ಬೇಡುವ ಪದ್ಧತಿ ಯಾವ ಮನೆತನದಲ್ಲಿಯೂ ಇಲ್ಲ. ಎಲ್ಲರೂ ಬೆರಗಾಗಿ ನೋಡಿದರು. ಅವಳ ಹೆಗಲು ಸರಿಯಾಗಿ ನನ್ನ ಎಡಗೈ ಕೆಳಗೆ ಬಂತು. ಕೇಳಿಸುವ ಕಿವಿಯ ಹತ್ತಿರ ಅವಳು ಪಿಸುಗುಟ್ಟಿದಳು: “ಹೆಗಲ ಮ್ಯಾಲ ಭಾರ ಬಿಡು. ಬಲಗಾಲ ಮದ್ಲ.”

ಭಾರ ಬಿಟ್ಟೆ. ಅವಳು ಮೆಲ್ಲಗೆ ಏಳುತ್ತ ನನ್ನನ್ನೂ ಎಬ್ಬಿಸಿದಳು. ಮೊಣಕಾಲು ಲಟಕ್ಕೆಂದಿತು, ನೋವಿಗೆ ಕಣ್ಣಲ್ಲಿ ಬಳಬಳ ನೀರು ಬಂತು. ಇಡೀ ಪಂಕ್ತಿ ದೇವರು ಬಂದ ಹಾಗೆ ಎದ್ದು ನಿಂತಿತು. ಕೈ ಬಿಟ್ಟರೆ ಬೀಳುತ್ತೇನೆಂದು ಮಗಳ ಹೆಗಲು ಹಿಡಿದೇ ನಿಂತಿದ್ದೆ.

ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡಳು. “ನೋಡ್ರ್ಯೋ, ಮಗಳನ್ನ ಬಿಟ್ಟಕೊಡಾಕ ಜೀವ ಒಲ್ಲಂದೈತಿ. ಇಂಥಾ ಅಪ್ಪನ ಮಗಳನ್ನ ನಾ ಬಿಡೂದಿಲ್ಲ. ಎಲಿ ಅಡಕಿ ತರ್ರಿ!”

ಮಾತು ಪಕ್ಕಾ ಆಯಿತು. ಸಂಜೆ ಬೀಗರು ಹೊಟ್ಟೆ ಹಿಡಿದುಕೊಂಡು ಬಸ್ಸು ಹತ್ತಿದರು. ಅವರನ್ನು ಕಳಿಸಿ ನಾನು ಮನೆಗೆ ಬಂದಾಗ ಮಗಳು ಪಡಸಾಲೆಯಲ್ಲಿ ಚಾಪೆ ಸುತ್ತುತ್ತಿದ್ದಳು.

“ನಿನಗ ಹೆಂಗ ಗೊತ್ತಾತವಾ?” ಎಂದು ಕೇಳಿದೆ.

“ವರ್ಷದ ಮ್ಯಾಲಾತಪ್ಪಾ. ದಿನಾ ಊಟಕ್ಕ ನಿನ್ನ ಚಾಪಿ ಕಂಬದ ಬಾಜೂಕ ಯಾಕ ಹಾಸ್ತೇನಿ ಅಂತ ತಿಳದಿದ್ದಿ? ಹಿಡಕೊಂಡ ಏಳ್ಲಿ ಅಂತ. ಇವತ್ತ ಅವ್ವ ನಡುವ ಹಾಸಿಬಿಟ್ಲು.”

ಇಷ್ಟು ಹೇಳಿ ಚಾಪೆ ಬಗಲಲ್ಲಿಟ್ಟುಕೊಂಡು ಒಳಗೆ ಹೋದಳು. ನಾನು ಕಂಬಕ್ಕೆ ಒರಗಿ ಕೂತೆ. ಒಂದು ವರ್ಷ ಆ ಕಂಬ ಹಿಡಿದು ಎದ್ದಿದ್ದೆ, ಮನೆಯವರಿಗೆಲ್ಲ ಚೆನ್ನಾಗಿ ಮಂಕುಬೂದಿ ಎರಚಿದೆ ಎಂದು ಬೀಗುತ್ತಿದ್ದೆ. ಬರುವ ಬೇಸಿಗೆಗೆ ಅವಳ ಮದುವೆ. ಮಗಳನ್ನು ಬಿಟ್ಟುಕೊಡಲು ಜೀವ ಒಲ್ಲದೆಂದು ಅಜ್ಜಿ ಹೇಳಿದ ಮಾತು ಈಗ ನಿಜವಾಯಿತು. ಕಣ್ಣೀರು ನಿಲ್ಲಲೇ ಇಲ್ಲ.

ಹೆಂಡತಿ ಹೊರಗೆ ಬಂದವಳು ನನ್ನನ್ನು ನೋಡಿ ಗಾಬರಿಯಾದಳು. “ಏನಾತ್ರಿ? ಯಾಕ ಹಿಂಗ ಕುಂತೀರಿ?”

“ಮೊಣಕಾಲ ಭಾಳ ನೋಯಾಕತ್ತೈತಿ,” ಎಂದೆ.

ಅವಳು ಎಳ್ಳೆಣ್ಣೆ ಕಾಸಿ ತರಲು ಒಳಗೆ ಓಡಿದಳು.