ಹಸಿವು ಮರಳಿದ ಬೆಳಗು

ಜ್ವರ ಬಿಟ್ಟು ವಾರಗಳಾದರೂ ನನಗೆ ಹಸಿವು ಮರಳಿರಲಿಲ್ಲ. ಪರೀಕ್ಷೆಗಳಲ್ಲಿ ದೋಷವೇನಿಲ್ಲ, ನಿಧಾನವಾಗಿ ಸರಿಹೋಗುತ್ತದೆ ಎಂದಿದ್ದರು ಡಾಕ್ಟರು. ಧಾರವಾಡದಿಂದ ಪುಣೆಗೆ ಬಂದ ಅತ್ತೆ ಊಟಕ್ಕೆ ಒತ್ತಾಯ ಮಾಡಲಿಲ್ಲ. ಹಡಪಸರದ ನಮ್ಮ ಫ್ಲ್ಯಾಟಿನ ಬಾಲ್ಕನಿಯಲ್ಲಿ ಚಾಪೆ ಹಾಸಿ, "ಎಳಿ ಬಿಸಲಾಗ ಸುಮ್ನ ಕೂಡವಾ. ಫೋನ್ ಒಳಗ ಇರಲಿ," ಎಂದರು.

ಬಿಸಿಲು ಪಾದದಿಂದ ಮೊಣಕಾಲಿಗೆ ಏರಿತು. ಕಣ್ಣು ಮುಚ್ಚಿದೆ. ಕೆಳಗಿನ ರಸ್ತೆಯ ಹಾರ್ನುಗಳು ದೂರ ದೂರ ಸರಿದು, ಎಲ್ಲಿಂದಲೋ ರೊಟ್ಟಿ ಬಡಿಯುವ ಸದ್ದು ಮಾತ್ರ ಉಳಿಯಿತು. ನಾನು ಚಿಕ್ಕವಳಾಗಿ, ಒಲೆಯ ಮುಂದಿನ ಅವ್ವನ ಬೆನ್ನಿಗೆ ಒರಗಿ ಕೂತಂತೆ ಅನಿಸಿತು. ಬೇಯುವ ಜೋಳದ ವಾಸನೆಗೆ ಬಾಯಲ್ಲಿ ನೀರೂರಿತು. ಅರೆನಿದ್ದೆಯಲ್ಲೇ ಎದ್ದು ಹೋಗಿ ಪಕ್ಕದ ಮನೆಯ ಬಾಗಿಲು ತಟ್ಟಿದೆ.

ಹಿಟ್ಟಿನ ಕೈಯಲ್ಲೇ ಬಾಗಿಲು ತೆರೆದ ಮರಾಠಿ ಅಜ್ಜಿಗೆ ಏನು ಹೇಳುವುದೆಂದು ತೋಚದೆ, "ಭೂಕ್ ಲಾಗ್ಲೀ," ಎಂದುಬಿಟ್ಟೆ. ಹಸಿವಾಗಿದೆ ಎಂಬ ಆ ಮಾತಿಗೆ ಅವರು ನಕ್ಕು, ಕೈಹಿಡಿದು ಒಳಗೆ ಕೂರಿಸಿದರು. ಅವರು ಭಾಕರಿ ಎನ್ನುವ ಬಿಸಿ ಜೋಳದ ರೊಟ್ಟಿಯ ಮೇಲೆ ಬೆಣ್ಣೆ ಕರಗುತ್ತಿತ್ತು.

ಹುಡುಕಿಕೊಂಡು ಬಂದ ಅತ್ತೆ ಬಾಗಿಲಲ್ಲೇ ನಿಂತರು. "ನನ್ನ ಕೈ ರೊಟ್ಟಿ ಬ್ಯಾಡಾತೇನವಾ ನಿನಗ?" ಎಂದು ಕೇಳುವಾಗ ಅವರ ಕಣ್ಣು ತುಂಬಿತ್ತು. ಬಾಯಲ್ಲಿ ತುತ್ತಿಟ್ಟುಕೊಂಡೇ ನಾನು ತಟ್ಟೆಯನ್ನು ಅವರತ್ತ ಸರಿಸಿದೆ. ಅವರು ನನ್ನ ಪಕ್ಕ ಕೂತು, ತಟ್ಟೆಯಿಂದ ಒಂದು ತುಣುಕು ಮುರಿದುಕೊಂಡರು.